ಬಲ್ಲವರಿಗೆ ಇಟ್ಟ ಹೆಸರು

ನಗರದ ಒಂದು ದೊಡ್ಡ ಆಸ್ಪತ್ರೆಗೆ ದೊಡ್ಡಮ್ಮನನ್ನು ಕರೆದುಕೊಂಡು ಹೋಗಿದ್ದೆ. ಉದ್ದನೆಯ ಮೊಗಸಾಲೆ, ಎರಡೂ ಬದಿಗೆ ಬಾಗಿಲುಗಳು, ಬಾಗಿಲಿಗೊಂದು ಫಲಕ. ಹೃದ್ರೋಗ ತಜ್ಞರು, ಮೂತ್ರಪಿಂಡ ತಜ್ಞರು, ಅಸ್ಥಿ ಮತ್ತು ಕೀಲುರೋಗ ತಜ್ಞರು, ನರರೋಗ ತಜ್ಞರು. ನಾಲ್ಕನೇ ಕ್ಲಾಸಿನವರೆಗೆ ಓದಿದ ದೊಡ್ಡಮ್ಮನಿಗೆ ಅಕ್ಷರ ಕೂಡಿಸಿ ಓದುವುದೆಂದರೆ ಹುರುಪು. ಒಂದೊಂದನ್ನೂ ಜೋರಾಗಿ ಓದಿ ನನ್ನ ಮುಖ ನೋಡುತ್ತಿದ್ದಳು. ‘ಇವರು ಹಾರ್ಟ್ ಡಾಕ್ಟ್ರು, ಇವರು ಕಿಡ್ನಿ ಡಾಕ್ಟ್ರು, ಅವರು ಮೂಳೆ ಡಾಕ್ಟ್ರು’ ಎಂದು ನಾನು ಹೇಳುತ್ತ ಹೋದೆ. ಕನ್ನಡದ ಫಲಕವನ್ನು ಕನ್ನಡದ ಹೆಂಗಸಿಗೇ ಬಿಡಿಸಿ ಹೇಳಬೇಕಾಗಿ ಬಂದಿತ್ತು. ಮೊಗಸಾಲೆಯ ತುದಿಯ ಬಾಗಿಲ ಮೇಲೆ ‘ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರು’ ಎಂದಿತ್ತು. ದೊಡ್ಡಮ್ಮ ಓದಿದಳು. ಈ ಸಲ ನನ್ನ ಕಡೆ ತಿರುಗಲಿಲ್ಲ. ‘ಇವರು ಸೂಲಗಿತ್ತೀರು’ ಎಂದು ತಾನೇ ಹೇಳಿಕೊಂಡು ಮುಂದೆ ನಡೆದಳು.

ಅಂದಿನಿಂದ ಈ ಹೆಸರುಗಳ ಬೆನ್ನು ಹತ್ತಿದ್ದೇನೆ. ಒಂದು ವಿದ್ಯೆಗೆ ಹೆಸರಿಡುವುದು ಒಂದು ಕೆಲಸ, ಆ ವಿದ್ಯೆಯನ್ನು ಬಲ್ಲವರನ್ನು ಏನೆಂದು ಕರೆಯಬೇಕು ಎಂಬುದು ಇನ್ನೊಂದು. ಮೊದಲನೆಯದನ್ನು ಸಮಿತಿಗಳು, ಪಠ್ಯಪುಸ್ತಕಗಳು ಮಾಡಿ ಮುಗಿಸುತ್ತವೆ. ಎರಡನೆಯದಕ್ಕೆ ಊರಿಗೆ ಊರೇ ಬಾಯಿ ಹಾಕುತ್ತದೆ. ಅಲ್ಲಿ ಮರ್ಯಾದೆಯ ಮಾತಿದೆ. ಯಾರನ್ನು ಬಲ್ಲವರೆಂದು ಒಪ್ಪಿಕೊಂಡಿದ್ದೇವೆ, ಯಾರ ಕೈಯಲ್ಲಿ ಬರೀ ಕೆಲಸ ಮಾಡಿಸಿಕೊಂಡು ಸುಮ್ಮನಾಗಿದ್ದೇವೆ ಎಂಬುದೆಲ್ಲ ಆ ಹೆಸರಿನೊಳಗೇ ಕೂತಿರುತ್ತದೆ.

‘ತಜ್ಞ’ ಎಂಬ ಪದವನ್ನೇ ಬಿಡಿಸಿ ನೋಡಿ. ‘ತತ್’ ಎಂದರೆ ಅದು, ‘ಜ್ಞ’ ಎಂದರೆ ಬಲ್ಲವನು. ಎರಡೂ ಕೂಡಿದರೆ ತಜ್ಜ್ಞ. ಕನ್ನಡದ ಬರವಣಿಗೆ ಒಂದು ಜಕಾರವನ್ನು ಇಳಿಸಿ ತಜ್ಞ ಮಾಡಿಕೊಂಡಿತು. ‘ಅದನ್ನು ಬಲ್ಲವನು’ ಎಂದಷ್ಟೇ ಅದರ ಅರ್ಥ. ಯಾವುದನ್ನು ಎಂಬುದು ಪದದಲ್ಲಿಲ್ಲ. ಹಾಗಿರುವುದರಿಂದಲೇ ಅದಕ್ಕೆ ಹೃದ್ರೋಗ, ತೆರಿಗೆ, ನೀರಾವರಿ, ಶಾಸನ, ಹವಾಮಾನ ಯಾವುದನ್ನು ಬೇಕಾದರೂ ಮುಂದೆ ಜೋಡಿಸಬಹುದು. ಇದೇ ಮನೆತನದ ಇನ್ನೊಂದು ಪದ ಸರ್ವಜ್ಞ, ಎಲ್ಲವನ್ನೂ ಬಲ್ಲವನು. ಕನ್ನಡದಲ್ಲಿ ಅದು ಒಬ್ಬ ತ್ರಿಪದಿಕಾರನ ಹೆಸರಾಗಿ ನಿಂತಿದೆ. ಮತ್ತೊಂದು ಕೃತಜ್ಞ. ಕೃತ ಎಂದರೆ ಮಾಡಿದ್ದು; ತನಗಾಗಿ ಯಾರು ಏನು ಮಾಡಿದರು ಎಂಬುದನ್ನು ಬಲ್ಲವನು. ಮಾಡಿದ ಉಪಕಾರವನ್ನು ನೆನಪಿಟ್ಟುಕೊಳ್ಳುವುದನ್ನೂ ಒಂದು ಬಲ್ಲತನವೆಂದು ಎಣಿಸಿದ ಈ ಪದ ನನಗೆ ಬಹಳ ಪ್ರಿಯ. ಈ ಬರಹದ ಕೊನೆಯವರೆಗೂ ಅದನ್ನು ಜೇಬಿನಲ್ಲಿ ಇಟ್ಟುಕೊಂಡೇ ಹೋಗುತ್ತೇನೆ.

ತಜ್ಜ್ಞ ಎಂಬ ಹಳೆಯ ರೂಪಕ್ಕೆ ಮೈಸೂರಿನೊಡನೆ ಒಂದು ನಂಟಿದೆ. ಕಾವೇರಿ ದಂಡೆಯ ರುದ್ರಪಟ್ಟಣದ ಆರ್. ಶಾಮಶಾಸ್ತ್ರಿಗಳು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಗ್ರಂಥಪಾಲಕರಾಗಿದ್ದರು. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಗ್ರಂಥಲಿಪಿಯ ತಾಳೆಗರಿಯ ಕಟ್ಟೊಂದು 1905ರಲ್ಲಿ ಅವರ ಕಣ್ಣಿಗೆ ಬಿತ್ತು. ಹೆಸರು ಮಾತ್ರ ಕೇಳಿ ಗೊತ್ತಿದ್ದ ಕೌಟಿಲ್ಯನ ಅರ್ಥಶಾಸ್ತ್ರ ಅದು. 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದರು, 1915ರಲ್ಲಿ ಇಂಗ್ಲಿಷಿಗೆ ತಂದರು. ಇಂದು ಕಾಲೇಜಿನ ಹುಡುಗರು ಅರ್ಥಶಾಸ್ತ್ರವೆಂದರೆ ಬೆಲೆ, ಬೇಡಿಕೆ, ಬ್ಯಾಂಕು ಎಂದುಕೊಳ್ಳುತ್ತಾರೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇಡೀ ರಾಜ್ಯವಿದೆ: ಕೋಟೆ, ಗಣಿ, ಆನೆ, ಹಡಗು, ನೂಲು, ಹೆಂಡ, ಗೂಢಚಾರ. ಹೆಸರು ಅದೇ ಉಳಿದು ಒಳಗಿನ ಸರಕು ಬದಲಾಗಿದೆ.

ಆ ಪುಸ್ತಕದಲ್ಲಿ ಪರಿಣತರ ಒಂದು ದೊಡ್ಡ ದಂಡೇ ಬರುತ್ತದೆ. ಗಣಿಯನ್ನು ನೋಡಿಕೊಳ್ಳುವವನು ಆಕರಾಧ್ಯಕ್ಷ, ಆನೆಗಳನ್ನು ನೋಡಿಕೊಳ್ಳುವವನು ಹಸ್ತ್ಯಧ್ಯಕ್ಷ, ನೂಲಿಗೆ ಸೂತ್ರಾಧ್ಯಕ್ಷ, ನಾವೆಗೆ ನಾವಧ್ಯಕ್ಷ. ಸೀತೆ ಎಂದರೆ ನೇಗಿಲಸಾಲು; ಬೇಸಾಯದ ಮೇಲ್ವಿಚಾರಕ ಸೀತಾಧ್ಯಕ್ಷ. ಇವತ್ತು ನಾವು ಅಧ್ಯಕ್ಷ ಎಂಬ ಪದವನ್ನು ವೇದಿಕೆಯ ನಡುವಿನ ಕುರ್ಚಿಗೆ ಕೊಟ್ಟುಬಿಟ್ಟಿದ್ದೇವೆ. ಅಂದು ಅದಕ್ಕೆ ವಿದ್ಯೆಯ ಭಾರವಿತ್ತು. ಸೀತಾಧ್ಯಕ್ಷನಿಗೆ ಕೃಷಿಯ ತಂತ್ರವೂ ವೃಕ್ಷಾಯುರ್ವೇದವೂ ತಿಳಿದಿರಬೇಕು. ತಿಳಿಯದಿದ್ದರೆ? ಕೌಟಿಲ್ಯ ಅಲ್ಲಿ ಒಂದು ಪದ ಇಡುತ್ತಾನೆ: ‘ತಜ್ಜ್ಞಸಖ’. ಬಲ್ಲವನನ್ನು ಗೆಳೆಯನಾಗಿ ಉಳ್ಳವನು. ತಾನು ಬಲ್ಲವನಾಗಿರಬೇಕು, ಇಲ್ಲವೇ ಬಲ್ಲವನೊಬ್ಬನ ಸಖನಾಗಿರಬೇಕು. ಗಣಿಯ ಅಧ್ಯಕ್ಷನಿಗೂ ಇದೇ ನಿಯಮ. ಪರಿಣತರನ್ನು ಕುರಿತು ನಾನು ಕಂಡ ಪದಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಬಲ್ಲವನನ್ನು ಕೈಕೆಳಗಿನ ಆಳೆಂದೋ ಬಾಡಿಗೆಗೆ ತಂದ ಸಲಹೆಗಾರನೆಂದೋ ಕರೆಯದೆ ಸಖನೆಂದು ಕರೆದ ಪದ ಅದು.

ಶಾಸ್ತ್ರದ ಭಾರ

ನಮ್ಮ ವಿಶ್ವವಿದ್ಯಾಲಯಗಳ ವಿಭಾಗಗಳ ಹೆಸರಲ್ಲಿ ‘ಶಾಸ್ತ್ರ’ ಮತ್ತು ‘ವಿಜ್ಞಾನ’ ಎರಡೂ ಇವೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಸಮಾಜಶಾಸ್ತ್ರ ಒಂದು ಕಡೆ. ಭೂವಿಜ್ಞಾನ, ಗ್ರಂಥಾಲಯ ವಿಜ್ಞಾನ ಇನ್ನೊಂದು ಕಡೆ. ಸಸ್ಯಶಾಸ್ತ್ರವೂ ಇದೆ, ಸಸ್ಯವಿಜ್ಞಾನವೂ ಇದೆ. ಪುಸ್ತಕದಲ್ಲಿ ಶಾಸ್ತ್ರವೆಂದರೆ ಕಟ್ಟುನಿಟ್ಟಾದ ವಿದ್ಯೆ. ಮನೆಯ ಕನ್ನಡದಲ್ಲಿ ಅದರ ದಾರಿ ಬೇರೆ. ಮದುವೆಯಲ್ಲಿ ಅರಿಶಿನದ ಶಾಸ್ತ್ರ, ಬಳೆಶಾಸ್ತ್ರ. ಬುಡುಬುಡಿಕೆಯವರು ಬಾಗಿಲಿಗೆ ಬಂದು ಹೇಳುವುದು ಶಾಸ್ತ್ರ. ‘ಶಾಸ್ತ್ರಕ್ಕೆ ಒಂದು ತುತ್ತು ತಿಂದ’ ಎಂದರೆ ಹೆಸರಿಗೆ ಮಾತ್ರ ತಿಂದ ಎಂದು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಗಾದೆ ಬೇರೆ ಇದೆ. ಹೀಗೆ ಹೊಲಬು ತಪ್ಪಿದ ಪದದ ಮೇಲೆ ‘ಜ್ಞ’ ಸೇರಿಸಿ ಭೌತಶಾಸ್ತ್ರಜ್ಞ ಎಂದಾಗ ಹಳ್ಳಿಯ ಕಿವಿಗೆ ಕಣಿ ಹೇಳುವವನ ನೆನಪಾದರೆ ತಪ್ಪು ಕಿವಿಯದಲ್ಲ. ವಿಜ್ಞಾನಿ ಎಂಬ ಪದ ನಮ್ಮ ಪತ್ರಿಕೆಗಳಲ್ಲಿ ಇಷ್ಟು ಬೇಗ ನೆಲೆಯಾಗಲು ಇದೂ ಒಂದು ಕಾರಣವೆಂದು ನನಗನಿಸುತ್ತದೆ. ಮೂರಕ್ಷರ, ಹಗುರ, ಹೆಣ್ಣಿಗೂ ಗಂಡಿಗೂ ಒಂದೇ.

ಹಳೆಯ ಸಂಸ್ಕೃತದ ಪಾಠಶಾಲೆಗಳಲ್ಲಿ ಶಾಸ್ತ್ರವೂ ಅದನ್ನು ಬಲ್ಲವನೂ ಒಂದೇ ಬೇರಿನಿಂದ ಹೆಸರು ಪಡೆಯುತ್ತಿದ್ದರು. ವ್ಯಾಕರಣ ಬಲ್ಲವನು ವೈಯಾಕರಣ, ನ್ಯಾಯ ಬಲ್ಲವನು ನೈಯಾಯಿಕ, ಮೀಮಾಂಸೆ ಬಲ್ಲವನು ಮೀಮಾಂಸಕ. ನೈಯಾಯಿಕನಿಗೂ ಕೋರ್ಟಿಗೂ ಸಂಬಂಧವಿರಲಿಲ್ಲ. ನ್ಯಾಯವೆಂದರೆ ತರ್ಕವಿದ್ಯೆ. ಈಗ ನ್ಯಾಯಶಾಸ್ತ್ರಜ್ಞ ಎಂದರೆ ಕಾನೂನು ಬಲ್ಲವನೆಂದೇ ಓದಿಕೊಳ್ಳುತ್ತೇವೆ. ಮೀಮಾಂಸಕ ಕಾವ್ಯದ ಕಡೆ ಬಂದು ಕಾವ್ಯಮೀಮಾಂಸಕನಾಗಿ ಬಾಳುತ್ತಿದ್ದಾನೆ.

ಅಚ್ಚಗನ್ನಡದ ಪ್ರತ್ಯಯಗಳ ಕಥೆ ಬೇರೆಯದೇ. ಶಾಲೆಯ ವ್ಯಾಕರಣದಲ್ಲಿ ತದ್ಧಿತಾಂತವೆಂದು ಬಾಯಿಪಾಠ ಮಾಡಿದ್ದು ಎಲ್ಲರಿಗೂ ನೆನಪಿದ್ದೀತು: ಬಳೆಗಾರ, ಗಾಣಿಗ, ಹಾವಾಡಿಗ, ಹೂವಾಡಗಿತ್ತಿ. ಇವೆಲ್ಲ ಕೈಕಸುಬಿನವರ ಹೆಸರು. ಲೆಕ್ಕ ಬಲ್ಲವನು ಲೆಕ್ಕಿಗ, ಗಣಿತ ಬಲ್ಲವನು ಗಣಿತಜ್ಞ. ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಕಾಲೇಜಿನ ಮೆಟ್ಟಿಲು ಹತ್ತಿದವನು ಯಾರು ಎಂದು ಯಾರೂ ಹೇಳಿಕೊಡಬೇಕಿಲ್ಲ. 12ನೇ ಶತಮಾನದಲ್ಲಿ ‘ವ್ಯವಹಾರ ಗಣಿತ’ವನ್ನು ಕನ್ನಡದಲ್ಲಿ ಬರೆದ ಜೈನಕವಿ ರಾಜಾದಿತ್ಯ ಈ ಗೋಡೆಯನ್ನು ಮಾನಿಸಿದವನಲ್ಲ. ಅವನ ಲೆಕ್ಕಗಳು ಅಂಗಡಿ, ಹೊಲ, ಬಡ್ಡಿಯವು. ಸಂಸ್ಕೃತದ ‘ಗಣಕ’ ಎಂಬ ಪದ ಗ್ರಹಗತಿಯ ಲೆಕ್ಕ ಹಾಕುವವನಿಗೂ ಕರಣಿಕನಿಗೂ ಸಲ್ಲುತ್ತಿತ್ತು. ನಮ್ಮ ಕಾಲಕ್ಕೆ ಮನುಷ್ಯನು ಅದರಿಂದ ಜಾರಿಹೋಗಿ ಗಣಕಯಂತ್ರವಷ್ಟೇ ಉಳಿಯಿತು.

‘ಕಾರ’ ಎಂಬ ಪ್ರತ್ಯಯ ಮಾತ್ರ ಎರಡೂ ಮನೆಗಳಲ್ಲಿ ಓಡಾಡಿಕೊಂಡಿದೆ. ನಿಘಂಟುಕಾರ, ವ್ಯಾಕರಣಕಾರ, ಕಾದಂಬರಿಕಾರ, ಇತಿಹಾಸಕಾರ. ಇದಕ್ಕೂ ‘ಜ್ಞ’ಕ್ಕೂ ಅಂತರವಿದೆ. ಜ್ಞ ಬಲ್ಲವನು, ಕಾರ ಮಾಡುವವನು. ಜಿ. ವೆಂಕಟಸುಬ್ಬಯ್ಯನವರನ್ನು ನಾವು ನಿಘಂಟುಜ್ಞ ಎನ್ನಲಿಲ್ಲ. ನಿಘಂಟು ತಜ್ಞ ಎನ್ನುವವರಿದ್ದರೂ ನಿಘಂಟುಕಾರ ಎಂಬುದೇ ಹೆಚ್ಚು ಒಪ್ಪಿತು, ಏಕೆಂದರೆ ಅವರು ನಿಘಂಟು ಕಟ್ಟಿದವರು. ಇತಿಹಾಸವನ್ನು ಬರೆಯುವವನು ಕಾರ. ಭೌತವಿಜ್ಞಾನಕ್ಕೆ, ಜೀವವಿಜ್ಞಾನಕ್ಕೆ, ಗಣಿತಕ್ಕೆ ಈ ಕಾರ ಯಾಕೆ ಹತ್ತಲಿಲ್ಲ? ನನ್ನ ಅನುಮಾನ ಹೀಗಿದೆ: ಈ ವಿದ್ಯೆಗಳು ಬೇರೆಲ್ಲೋ ತಯಾರಾಗಿ ಬಂದವು, ನಮಗುಳಿದದ್ದು ಅವನ್ನು ತಿಳಿದುಕೊಳ್ಳುವುದಷ್ಟೇ ಎಂಬ ಅಳುಕು ಪದ ಕಟ್ಟುವವರ ಮನಸ್ಸಿನಲ್ಲಿತ್ತು. ಬೆಂಗಳೂರಿನ ಪ್ರಯೋಗಾಲಯಗಳಲ್ಲಿ ದಿನವೂ ಹೊಸ ತಿಳಿವು ಹುಟ್ಟುತ್ತಿರುವಾಗಲೂ ಆ ಅಳುಕಿನ ಗುರುತು ಪದದಲ್ಲಿ ಹಾಗೆಯೇ ಇದೆ.

ಕುಲನಾಮವಾದ ವಿದ್ಯೆ

ವಿದ್ಯೆಯ ಹೆಸರು ಮೈಗಂಟಿ ಮನೆತನದ ಹೆಸರಾದದ್ದು ನಮ್ಮಲ್ಲಿ ಹೇರಳ. ಜೋಯಿಸರ ಹೆಸರಲ್ಲಿ ಜ್ಯೋತಿಷವಿದೆ. ಘನಪಾಠಿಗಳ ಹೆಸರಲ್ಲಿ ವೇದದ ಪದಗಳನ್ನು ಹಿಂದುಮುಂದು ಹೆಣೆದು ಹೇಳುವ, ಪದ, ಕ್ರಮ, ಜಟೆಗಳನ್ನು ದಾಟಿದ ಮೇಲೆ ಬರುವ ಕಠಿಣವಾದ ಘನಪಾಠವಿದೆ. ಅವಧಾನಿ, ಶಾಸ್ತ್ರಿ, ಪಂಡಿತ, ವೈದ್ಯ, ಉಪಾಧ್ಯಾಯ ಎಲ್ಲವೂ ಒಂದು ಕಾಲಕ್ಕೆ ಯಾರೋ ಒಬ್ಬರು ವರ್ಷಗಟ್ಟಲೆ ಕೂತು ಗಳಿಸಿದ್ದು. ಮೊಮ್ಮಕ್ಕಳಿಗೆ ವಿದ್ಯೆ ದಾಟದೆ ಹೆಸರು ಮಾತ್ರ ದಾಟಿತು.

ಇವುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ಓಜ’. ಉಪಾಧ್ಯಾಯ ಎಂಬ ಪದ 
ಪ್ರಾಕೃತದ ಬಾಯಲ್ಲಿ ಉವಜ್ಝಾಯವಾಗಿ, ಸವೆದು ಸವೆದು ಕನ್ನಡದಲ್ಲಿ ಓಜ ಆಯಿತು. ಉತ್ತರದ ಓಝಾಗಳೂ ಝಾಗಳೂ ಅದೇ ಪದದ ಮಕ್ಕಳು. ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರ ಪೀಠದಲ್ಲಿ ಶಿಲ್ಪಿಗಳು ತಮ್ಮ ಹೆಸರು ಕೊರೆದಿದ್ದಾರೆ. ಬಳ್ಳಿಗಾವೆಯ ದಾಸೋಜ ಅವರಲ್ಲಿ ಒಬ್ಬ, ಅವನ ಮಗ ಚಾವಣ ಇನ್ನೊಬ್ಬ. ದಾಸೋಜ ಎಂದರೆ ದಾಸ ಎಂಬ ಓಜ, ದಾಸ ಉಪಾಧ್ಯಾಯ. ಆ ಕಾಲದ ಶಾಸನಗಳಲ್ಲಿ ಓಜ ಎಂದು ಕೊನೆಯಾಗುವ ಶಿಲ್ಪಿಗಳ, ಲೋಹಕಾರರ ಹೆಸರುಗಳು ಮತ್ತೆ ಮತ್ತೆ ಸಿಗುತ್ತವೆ. ಕಲ್ಲನ್ನು ಬಲ್ಲವನಿಗೆ ಮೇಷ್ಟರ ಪದವಿ ಕೊಟ್ಟ ನಾಡು ಇದು. ಉಳಿ ಹಿಡಿದವನನ್ನೂ ಓಲೆ ಹಿಡಿದವನನ್ನೂ ಒಂದೇ ಗೌರವದ ಪದದಿಂದ ಕರೆದ ಕಾಲವೊಂದಿತ್ತು ಎಂಬುದಕ್ಕೆ ಬೇಲೂರಿನ ಗೋಡೆಗಿಂತ ಬೇರೆ ಸಾಕ್ಷಿ ಬೇಕೇ? ಶಿಲ್ಪಿಗೆ ಆಗ ಇದ್ದ ಇನ್ನೊಂದು ಹೆಸರು ರೂವಾರಿ. ಈಗ ಅದು ಪತ್ರಿಕೆಯ ತಲೆಬರಹಗಳಲ್ಲಿದೆ: ಯೋಜನೆಯ ರೂವಾರಿ, ಗೆಲುವಿನ ರೂವಾರಿ. ಕಲ್ಲು ಬಿಟ್ಟರೂ ರೂಪ ಕೊಡುವ ಕೆಲಸವನ್ನು ಆ ಪದ ಬಿಟ್ಟಿಲ್ಲ.

ಗಾರುಡಿಗನ ಪಯಣ ಇನ್ನೂ ದೂರದ್ದು. 14ನೇ ಶತಮಾನದಲ್ಲಿ ಮಂಗರಾಜನೆಂಬ ಕವಿ ‘ಖಗೇಂದ್ರಮಣಿದರ್ಪಣ’ ಬರೆದ. ಕಾವ್ಯದ ಹೆಸರಿನಂತೆ ಕೇಳಿಸಿದರೂ ಅದು ವಿಷಚಿಕಿತ್ಸೆಯ ಗ್ರಂಥ: ಹಾವಿನ ವಿಷ, ಚೇಳಿನ ವಿಷ, ಸಸ್ಯದ ವಿಷ, ಅವಕ್ಕೆ ಮದ್ದು. ಖಗೇಂದ್ರ ಎಂದರೆ ಹಕ್ಕಿಗಳ ಒಡೆಯ ಗರುಡ, ಹಾವಿನ ಹಗೆ. ವಿಷವನ್ನು ಇಳಿಸುವ ವಿದ್ಯೆ ಗಾರುಡವಿದ್ಯೆ, ಬಲ್ಲವನು ಗಾರುಡಿಗ. ಇವತ್ತಿನ ಮಾತಿನಲ್ಲಿ ಹೇಳಿದರೆ ವಿಷವಿಜ್ಞಾನಿ. ಕಾಲ ಸರಿದಂತೆ ಗಾರುಡಿಗ ಹಾವಾಡಿಸುವವನಾದ, ಆಮೇಲೆ ಸಂತೆಯಲ್ಲಿ ಕಣ್ಕಟ್ಟು ತೋರಿಸುವವನಾದ. ವಿದ್ಯೆ ಊರು ಬಿಟ್ಟಿತು, ಹೆಸರು ಬೀದಿಗೆ ಬಿತ್ತು. ಅಷ್ಟಕ್ಕೇ ಮುಗಿಯಲಿಲ್ಲ. ಕನ್ನಡಿಗರು ಆ ಪದವನ್ನು ಬೀದಿಯಿಂದ ಎತ್ತಿ ಕವಿ ಬೇಂದ್ರೆಯವರ ಹೆಸರಿನ ಮುಂದೆ ಇಟ್ಟರು: ಶಬ್ದಗಾರುಡಿಗ. ವಿಷ ಇಳಿಸುತ್ತಿದ್ದ ಪದ ಧಾರವಾಡದ ಸಾಧನಕೇರಿಗೆ ಬಂದು ಮಾತಿನ ಮಂತ್ರದ ಹೆಸರಾಯಿತು. ಒಬ್ಬ ಪರಿಣತನ ಹೆಸರು ಇಷ್ಟು ಕೆಳಗಿಳಿದು ಇಷ್ಟು ಮೇಲೇರಿದ್ದು ಬೇರೆ ಯಾವ ಪದದಲ್ಲೂ ನಾನು ಕಂಡಿಲ್ಲ.

ಹೊಸ ವಿದ್ಯೆ, ಹೊಸ ಹೆಸರು

ಇಂಗ್ಲಿಷಿನಲ್ಲಿ ಈ ಹೆಸರುಗಳೆಲ್ಲ ಮೊದಲಿನಿಂದಲೂ ಇದ್ದವೆಂದು ನಾವು ತಿಳಿದುಕೊಂಡಿರುತ್ತೇವೆ. ಸೈಂಟಿಸ್ಟ್ ಎಂಬ ಪದಕ್ಕೆ ಇನ್ನೂರು ವರ್ಷ ತುಂಬಿಲ್ಲ. 1833ರಲ್ಲಿ ಕೇಂಬ್ರಿಜ್‌ನಲ್ಲಿ ಸೇರಿದ ವಿದ್ವಾಂಸರ ಸಭೆಯಲ್ಲಿ ಕವಿ ಕೋಲ್‌ರಿಜ್ ಎದ್ದು, ಪ್ರಯೋಗ ಮಾಡುವ ನಿಮ್ಮನ್ನು ತತ್ತ್ವಜ್ಞಾನಿಗಳೆಂದು ಕರೆಯಲಾಗದು ಎಂದು ತಕರಾರು ತೆಗೆದ. ಹಾಗಾದರೆ ಏನೆಂದು ಕರೆಯಬೇಕು? ವಿಲಿಯಂ ಹ್ಯೂಯೆಲ್ ಆರ್ಟಿಸ್ಟ್ ಎಂಬುದರ ಅಚ್ಚಿನಲ್ಲಿ ಸೈಂಟಿಸ್ಟ್ ಎಂದು ಎರಕ ಹೊಯ್ದ. ಮರುವರ್ಷ ಅದು ಅಚ್ಚಾದದ್ದು ಮೇರಿ ಸಾಮರ್‌ವಿಲ್ ಎಂಬ ವಿದುಷಿಯ ಪುಸ್ತಕದ ವಿಮರ್ಶೆಯಲ್ಲಿ. ಹಲವರು ಮೂಗು ಮುರಿದರು. ಅದೇ ಹ್ಯೂಯೆಲ್ ಕಟ್ಟಿದ ಫಿಸಿಸಿಸ್ಟ್ ಎಂಬ ಪದ ಫ್ಯಾರಡೆಗೆ ಹಿಡಿಸಲಿಲ್ಲ. ಹೊಸ ಪದ ಕಿವಿಗೆ ಕರ್ಕಶವೆಂಬ ದೂರು ಕನ್ನಡಕ್ಕೆ ಮಾತ್ರ ಬಂದದ್ದಲ್ಲ.

ನಮ್ಮವರು ಪದ ಕಟ್ಟಿದ್ದು ಎಂಥ ಶ್ರದ್ಧೆಯಿಂದ ಎನ್ನಲು ಒಂದು ಬಿರುದು ನೋಡಿ. ಲೂಯಿಸ್ ರೈಸ್ ನಂತರ 1906ರಿಂದ 1922ರವರೆಗೆ ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯನ್ನು ನಡೆಸಿದ, ‘ಕರ್ನಾಟಕ ಕವಿಚರಿತೆ’ ಬರೆದ ಆರ್. ನರಸಿಂಹಾಚಾರ್ಯರಿಗೆ ಅರಮನೆ ಕೊಟ್ಟ ಬಿರುದು ‘ಪ್ರಾಕ್ತನ ವಿಮರ್ಶ ವಿಚಕ್ಷಣ’. ಪ್ರಾಕ್ತನವೆಂದರೆ ಹಿಂದಿನದು. ವಿಮರ್ಶೆ ಎಂದರೆ ತೂಗಿ ನೋಡುವುದು. ವಿಚಕ್ಷಣ ಎಂದರೆ ಕಣ್ಣಿಟ್ಟು ಬಿಡಿಸಿ ನೋಡಬಲ್ಲವನು. ಹಿಂದಿನದನ್ನು ತೂಗಿ ಬಿಡಿಸಿ ನೋಡಬಲ್ಲವನು ಎಂದಾಯಿತು. ಪುರಾತತ್ತ್ವಜ್ಞ ಎಂಬ ಈಗಿನ ಪದದಲ್ಲಿ ಹಳೆಯದನ್ನು ಬಲ್ಲವನಿದ್ದಾನೆ. ಅದನ್ನು ಅನುಮಾನಿಸುವ, ಪರೀಕ್ಷಿಸುವ ಕಣ್ಣು ಆ ಹಳೆಯ ಬಿರುದಿನಲ್ಲಿತ್ತು. ಉದ್ದವಾಯಿತೆಂದು ಅದು ಮರೆಗೆ ಸರಿದದ್ದು ನಮಗಾದ ನಷ್ಟ.

1918ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಭೌತವಿಜ್ಞಾನದ ಪ್ರಾಧ್ಯಾಪಕ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರರ ಜೊತೆಗೂಡಿ ‘ವಿಜ್ಞಾನ’ ಎಂಬ ಮಾಸಪತ್ರಿಕೆ ತಂದರು. ಎರಡೇ ವರ್ಷ ನಡೆದ ಪತ್ರಿಕೆ. ಕನ್ನಡದಲ್ಲಿ ವಿಜ್ಞಾನ ಬರೆಯುವವರು ಇಂದಿಗೂ ಆ ಎರಡು ವರ್ಷಗಳಿಗೆ ಋಣಿಗಳು. ಇದೇ ಬೆಳ್ಳಾವೆಯವರು ಪಂಪಭಾರತದ ಸಂಪಾದನೆಯಲ್ಲೂ ದುಡಿದವರೆಂಬುದನ್ನು ನೆನೆದರೆ ಭೌತವಿಜ್ಞಾನಿಯನ್ನೂ ಹಳಗನ್ನಡದ ವಿದ್ವಾಂಸನನ್ನೂ ಬೇರೆ ಬೇರೆ ಪದಗಳಲ್ಲಿ ಕಟ್ಟಿಹಾಕುವುದು ಕಷ್ಟವೆನಿಸುತ್ತದೆ. ಮುಂದೆ ಶಿವರಾಮ ಕಾರಂತರು ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನು ಒಬ್ಬರೇ ಬರೆದರು. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರು ಕಾಡಿನ ಗಿಡಮರಗಳ ಮೇಲೆ ಬರೆದ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಸಸ್ಯವಿಜ್ಞಾನಿ ಎಂಬ ಪದ ಕೇಳಿದರೆ ಕನ್ನಡದ ಓದುಗನಿಗೆ ಇಂದಿಗೂ ಮೊದಲು ಕಣ್ಣಿಗೆ ಬರುವುದು ಸ್ವಾಮಿಯವರೇ. ಪದಕ್ಕೆ ಜೀವ ಬರುವುದು ಹೀಗೆ, ಆ ಹೆಸರನ್ನು ಹೊತ್ತು ಬಾಳಿದ ಒಬ್ಬರಿಂದ.

ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಇನ್ನೊಂದು ದಾರಿ ತೋರಿಸಿದರು. ಭಾಷಾವಿಜ್ಞಾನವೇ ಯಾಕೆ, ನುಡಿಯರಿಮೆ ಎನ್ನೋಣ ಎಂದರು. ಅರಿ ಎಂಬ ಬೇರಿನಿಂದ ಅರಿಮೆ. ಅವರ ಹಾದಿ ಹಿಡಿದವರು ವಿಜ್ಞಾನಿಯನ್ನು ಅರಿಮೆಗಾರ, ಅರಿಗ ಎಂದು ಬರೆಯುತ್ತಾರೆ. ಮೊದಮೊದಲು ನನಗೂ ಇದು ಒರಟೆನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಬಳೆಗಾರನ ‘ಗಾರ’ವನ್ನು ವಿಜ್ಞಾನಿಗೆ ಹಚ್ಚಿದಾಗ ಯಾರಿಗಾದರೂ ಕಸಿವಿಸಿಯಾದರೆ ಅದರ ಮೂಲ ವ್ಯಾಕರಣದಲ್ಲಿಲ್ಲ, ಕೈಕಸುಬಿನ ಬಗ್ಗೆ ನಮಗಿರುವ ಕೀಳೆಣಿಕೆಯಲ್ಲಿದೆ. ಅಷ್ಟು ಹೇಳಿದ ಮೇಲೂ ವಿಜ್ಞಾನಿ ಎಂಬ ಪದವನ್ನು ನಾನು ಬಿಡಲಾರೆ. ಒಂದು ನೂರು ವರ್ಷ ನಮ್ಮ ಮಕ್ಕಳು ‘ದೊಡ್ಡವನಾದ ಮೇಲೆ ಏನಾಗ್ತೀಯ’ ಎಂಬ ಪ್ರಶ್ನೆಗೆ ಉತ್ತರವಾಗಿ ಹೇಳಿದ ಪದ ಅದು.

ಹೆಸರಿನಿಂದ ಜೀವ ಉಳಿದದ್ದೂ ಹೋದದ್ದೂ ಮನಸ್ಸಿನ ಕಾಯಿಲೆಯ ವಿಷಯದಲ್ಲಿ. ಬೆಂಗಳೂರಿನ ಮಾನಸಿಕ ಆಸ್ಪತ್ರೆ, 1954ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಮಟ್ಟದ ಸಂಸ್ಥೆಯ ಜೊತೆಗೂಡಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಊರ ಬಾಯಲ್ಲಿ ಎಷ್ಟೋ ಕಾಲ ಅದು ಹುಚ್ಚಾಸ್ಪತ್ರೆ. ಅಲ್ಲಿನವರು ಹುಚ್ಚಾಸ್ಪತ್ರೆ ಡಾಕ್ಟ್ರು. ನಿದ್ದೆ ಬಾರದೆ, ಊಟ ಸೇರದೆ, ಬದುಕೇ ಬೇಡವೆನಿಸಿದ ಎಷ್ಟೋ ಜನ ಆ ಒಂದು ಹೆಸರಿಗೆ ಹೆದರಿ ಹೊಸ್ತಿಲು ದಾಟಲಿಲ್ಲ. ಮನೋವೈದ್ಯ ಎಂಬ ಪದವನ್ನು ಜನರ ಬಳಿಗೆ ಒಯ್ಯಲು ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರು ಸರಳ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದರು. ಮನೋವೈದ್ಯರು ವೈದ್ಯಕೀಯ ಓದಿ ಔಷಧಿ ಬರೆಯುವವರು; ಮನಶ್ಶಾಸ್ತ್ರಜ್ಞರು ಮನಸ್ಸಿನ ನಡವಳಿಕೆಯನ್ನು ಓದಿ ಪರೀಕ್ಷೆ, ಮಾತು, ತರಬೇತಿಯ ದಾರಿಯಲ್ಲಿ ನೆರವಾಗುವವರು. ಈ ವ್ಯತ್ಯಾಸ ತಿಳಿಯದೆ ಒಬ್ಬರ ಬಾಗಿಲಿಗೆ ಹೋಗಬೇಕಾದವರು ಇನ್ನೊಬ್ಬರ ಬಾಗಿಲಲ್ಲಿ ಕೂತಿರುತ್ತಾರೆ. ಇಂಗ್ಲಿಷಿನ ಕೌನ್ಸೆಲಿಂಗ್ ಎಂಬುದನ್ನು ಕನ್ನಡ ಮಾಡುವಾಗ ನಮ್ಮವರು ‘ಆಪ್ತಸಮಾಲೋಚನೆ’ ಎಂದರು. ಮೂಲದಲ್ಲಿ ಎಲ್ಲೂ ಇಲ್ಲದ ಆಪ್ತ ಎಂಬ ಮಾತನ್ನು ಯಾರು ಮೊದಲು ಸೇರಿಸಿದರೋ, ಅವರಿಗೆ ನೋವಿನ ಪರಿಚಯ ಇದ್ದಿರಲೇಬೇಕು. ಎದುರಿಗೆ ಕೂತವನನ್ನು ತಜ್ಞ ಎನ್ನದೆ ಆಪ್ತಸಮಾಲೋಚಕ ಎಂದಾಗ ಬಾಗಿಲು ಅರ್ಧ ತೆರೆದಂತೆಯೇ.

ಡಾಕ್ಟರ್ ಎಂಬ ಪದದ ಪಾಡೂ ಇಲ್ಲೇ ಹೇಳಬೇಕು. ಲ್ಯಾಟಿನ್ನಿನಲ್ಲಿ ಅದರ ಅರ್ಥ ಕಲಿಸುವವನು. ನಮ್ಮ ಹಳ್ಳಿಗಳಲ್ಲಿ ಪಿಎಚ್.ಡಿ. ಪಡೆದು ಬಂದವರನ್ನು ‘ಯಾವ ಡಾಕ್ಟ್ರು, ಔಷಧಿ ಕೊಡೋರಾ?’ ಎಂದು ಕೇಳುತ್ತಾರೆ. ಅದರಲ್ಲಿ ಅಗೌರವವಿಲ್ಲ. ಹಳೆಯ ಮೈಸೂರಿನಲ್ಲಿ ಪಂಡಿತರು ಎಂದರೂ ಹೀಗೆಯೇ ಎರಡು ಅರ್ಥ: ನಾಡಿ ನೋಡಿ ಕಷಾಯ ಕೊಡುವವರು ಮತ್ತು ಶಾಲೆಯಲ್ಲಿ ಕನ್ನಡ ಕಲಿಸುವವರು. ಕಲಿಸುವುದನ್ನೂ ಗುಣಪಡಿಸುವುದನ್ನೂ ಜನ ಒಂದೇ ಪದದಲ್ಲಿ ಇಟ್ಟುಕೊಂಡೇ ಬಂದಿದ್ದಾರೆ.

ತಾಯಿ, ಅಜ್ಜಿ ಮತ್ತು ತಜ್ಞೆ

ಹೆಣ್ಣುಮಕ್ಕಳ ಬಲ್ಲತನಕ್ಕೆ ಹೆಸರಿಡುವಾಗ ನಾವು ಒಂದು ತಪ್ಪನ್ನು ಮತ್ತೆ ಮತ್ತೆ ಮಾಡುತ್ತೇವೆ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಹಾಲಕ್ಕಿ ಒಕ್ಕಲಿಗ ಸಮುದಾಯದವರು, ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ಸೇರಿದರು. ಕಾಡಿನ ನೂರಾರು ಜಾತಿಯ ಮರಗಳಲ್ಲಿ ಬೀಜಕ್ಕೆ ಯೋಗ್ಯವಾದ ತಾಯಿಮರ ಯಾವುದು, ಅದರ ಬೀಜವನ್ನು ಯಾವಾಗ ಆಯಬೇಕು, ಹೇಗೆ ಮೊಳಕೆ ಬರಿಸಬೇಕು ಎಂಬುದೆಲ್ಲ ಅವರಿಗೆ ಗೊತ್ತಿತ್ತು. 2020ರ ಪಟ್ಟಿಯಲ್ಲಿ ಪದ್ಮಶ್ರೀ ಬಂತು. ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪಡೆದರು. 2024ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಎಲ್ಲರೂ ಬರೆದದ್ದು ವೃಕ್ಷಮಾತೆ ಎಂದು. ಮಾತೆ ಎಂಬ ಪದದಲ್ಲಿ ಪ್ರೀತಿಯಿದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ತಾಯಿ ಎಂದಾಗ ಅವರ ಮಮತೆಯನ್ನು ಮೆಚ್ಚುತ್ತೇವೆ, ತಿಳಿವಳಿಕೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಯಾವ ಮರದ ಬೀಜ ಯಾವ ವಾರದಲ್ಲಿ ಬಲಿಯುತ್ತದೆ ಎಂದು ಬಲ್ಲ ಗಂಡಸೊಬ್ಬ ಕೋಟು ತೊಟ್ಟು ಬಂದರೆ ಅವನನ್ನು ನಾವು ವೃಕ್ಷಪಿತ ಎನ್ನುತ್ತೇವೆಯೇ? ಸಸ್ಯತಜ್ಞ ಎನ್ನುತ್ತೇವೆ. ತುಳಸಿ ಗೌಡರು ಸಸ್ಯತಜ್ಞೆ. ಪದ ಸಿದ್ಧವಾಗಿಯೇ ಇತ್ತು.

ಓದಿಲ್ಲದವರ ಬಲ್ಲತನವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂಬುದು ಕಾದಂಬರಿಕಾರ ತೇಜಸ್ವಿಯವರಿಗೆ ಚೆನ್ನಾಗಿ ಗೊತ್ತಿತ್ತು. 1980ರಲ್ಲಿ ಬಂದ ‘ಕರ್ವಾಲೊ’ದಲ್ಲಿ ಊರವರ ಕಣ್ಣಿಗೆ ಕೆಲಸಕ್ಕೆ ಬಾರದವನಾದ ಮಂದಣ್ಣನಿದ್ದಾನೆ. ಜೇನು, ಕಾಡು, ಹುಳ ಹುಪ್ಪಟೆ ಅವನ ಲೋಕ. ವಿಜ್ಞಾನಿ ಕರ್ವಾಲೊ ಮಾತ್ರ ಅವನಲ್ಲಿ ತಮ್ಮ ಸರೀಕನನ್ನು ಕಾಣುತ್ತಾರೆ. ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೊರಟ ತಂಡದಲ್ಲಿ ಮಂದಣ್ಣ ದಾರಿ ತೋರಿಸುವ ಆಳಾಗಿ ಬರುವುದಿಲ್ಲ. ಕೌಟಿಲ್ಯನ ಆ ಪದವನ್ನು ಮೈಸೂರಿನ ತಾಳೆಗರಿಯಿಂದ ಎತ್ತಿ ಮೂಡಿಗೆರೆಯ ಕಾಡಿನಲ್ಲಿಟ್ಟರೆ ಅದಕ್ಕೆ ಕರ್ವಾಲೊ ಎಂದು ಹೆಸರು: ತಜ್ಜ್ಞಸಖ.

ನಮ್ಮ ಬಯಲುಸೀಮೆಯ ಕೆರೆಗಳಿಗೆ ನೀರುಗಂಟಿ ಇದ್ದ. ಯಾವ ತೂಬನ್ನು ಎಷ್ಟು ಎತ್ತಿದರೆ ಯಾವ ಗದ್ದೆಗೆ ಎಷ್ಟು ಹೊತ್ತಿನಲ್ಲಿ ನೀರು ಮುಟ್ಟುತ್ತದೆ ಎಂಬ ಲೆಕ್ಕ ಅವನ ತಲೆಯಲ್ಲಿತ್ತು. ಕೆರೆಗಳು ಹೂಳು ತುಂಬಿದ ಮೇಲೆ ಜಲತಜ್ಞರು ಬಂದು ವರದಿ ಬರೆದರು. ನೀರುಗಂಟಿಯನ್ನು ಮಾತಾಡಿಸಿ ಬರೆದ ವರದಿಗಳು ಎಷ್ಟಿದ್ದಾವು ಎಂದು ಯೋಚಿಸಿದರೆ ಸಂಕಟವಾಗುತ್ತದೆ.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, ಯಾರಿಂದಲೂ ಕಾಸು ಮುಟ್ಟದೆ. ಹೊಟ್ಟೆಯ ಮೇಲೆ ಕೈಯಿಟ್ಟು ಕೂಸಿನ ತಲೆ ಎಲ್ಲಿದೆ, ಹೇಗೆ ತಿರುಗಿದೆ ಎಂದು ಹೇಳುತ್ತಿದ್ದರು. ತುಮಕೂರು ವಿಶ್ವವಿದ್ಯಾಲಯ 2014ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಹೆಸರನ್ನು ‘ಡಾ. ಸೂಲಗಿತ್ತಿ ನರಸಮ್ಮ’ ಎಂದು ಬರೆದದ್ದನ್ನು ನೀವೂ ನೋಡಿರಬಹುದು. ಸೂಲು ಕನ್ನಡದ್ದು, ಪ್ರಸೂತಿ ಸಂಸ್ಕೃತದ್ದು. ಕೇಳಲು ಅಕ್ಕತಂಗಿಯರಂತಿದ್ದರೂ ಬೇರು ಬೇರೆ. ಹಾಗಿದ್ದೂ ದೊಡ್ಡಮ್ಮನ ಕಿವಿ ಆಸ್ಪತ್ರೆಯ ಫಲಕದಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ತಲುಪಿತ್ತು.

ಡಾಕ್ಟರನ್ನು ಕಂಡು ಹಿಂದಿರುಗುವಾಗ ಬಸ್ಸಿನಲ್ಲಿ ಕೇಳಿದೆ. ದೊಡ್ಡಮ್ಮನ ಐದು ಮಕ್ಕಳೂ ಹುಟ್ಟಿದ್ದು ಊರಿನ ಮನೆಯ ನಡುಕೋಣೆಯಲ್ಲಿ, ಒಬ್ಬಳೇ ಸೂಲಗಿತ್ತಿಯ ಕೈಯಲ್ಲಿ. ಎರಡನೆಯದು ಅಡ್ಡ ನಿಂತಿದ್ದಾಗ ರಾತ್ರಿಯೆಲ್ಲ ಕೂತು ತಿರುಗಿಸಿ ಎರಡೂ ಜೀವ ಉಳಿಸಿದಳಂತೆ. ಮಳೆಗಾಲದಲ್ಲಿ ಹಳ್ಳ ದಾಟಿ ಬಂದಿದ್ದು, ಬಾಣಂತಿಗೆ ಕೊಟ್ಟ ಮದ್ದಿನ ಬೇರುಗಳು, ಕೂಸಿಗೆ ನೀರು ಹಾಕುತ್ತಿದ್ದ ಬಗೆ, ಎಲ್ಲವನ್ನೂ ದೊಡ್ಡಮ್ಮ ಹೇಳಿದಳು. ಆ ಮುದುಕಿಯ ಹೆಸರೇನು ಎಂದು ಕೇಳಿದೆ.

ದೊಡ್ಡಮ್ಮ ಕಿಟಕಿಯ ಕಡೆ ತಿರುಗಿ ತುಂಬ ಹೊತ್ತು ಯೋಚಿಸಿದಳು. ಎರಡು ಊರು ದಾಟಿದ ಮೇಲೆ ಮೆಲ್ಲಗೆ ಹೇಳಿದಳು: ‘ಸೂಲಗಿತ್ತಮ್ಮ ಅಂತಲೇ ಕರೀತಿದ್ವಿ. ಹೆಸರು ಯಾರೂ ಕೇಳಲೇ ಇಲ್ಲ.’